21 ಕಿಲೋಮೀಟರ್ ಓಟ ಮತ್ತು ಮನೆಯವರ ಬೆಂಬಲ

ಪ್ರಶ್ನೆ: ನನಗೆ 36 ವರ್ಷ. ಚಿಕ್ಕಮಗಳೂರಿನ ಪ್ರೌಢಶಾಲೆಯೊಂದರಲ್ಲಿ ಶಿಕ್ಷಕಿಯಾಗಿದ್ದೇನೆ, ಇಬ್ಬರು ಮಕ್ಕಳಿದ್ದಾರೆ. ಕಳೆದ ವರ್ಷದಿಂದ ಬೆಳಗಿನ ಹೊತ್ತು ಓಡುವ ಅಭ್ಯಾಸ ಮಾಡಿಕೊಂಡಿದ್ದು, ಬರುವ ಅಕ್ಟೋಬರ್‌ನಲ್ಲಿ ಬೆಂಗಳೂರಿನಲ್ಲಿ ಮೊದಲ ಬಾರಿಗೆ ಅರ್ಧ ಮ್ಯಾರಥಾನ್ ಓಡಲು ಹೆಸರು ಕೊಟ್ಟಿದ್ದೇನೆ. ನಮ್ಮ ಯಜಮಾನರದು ತುಂಬು ಪ್ರೋತ್ಸಾಹ. ಒಳ್ಳೆಯ ಶೂ ಕೊಡಿಸಿದ್ದಾರೆ. ಭಾನುವಾರ ನಸುಕಿನಲ್ಲಿ ನನ್ನ ಪಕ್ಕದಲ್ಲೇ ಬೈಕಿನಲ್ಲಿ ಬಂದು, ಪ್ರತಿ ಕಿಲೋಮೀಟರಿಗೂ ನೀರು ಕೊಟ್ಟು, ಎಷ್ಟು ನಿಮಿಷವಾಯಿತೆಂದು ಹೇಳುತ್ತಾರೆ. ಎರಡು ಗಂಟೆಯೊಳಗೆ ನಾನು ಮುಗಿಸಬಲ್ಲೆ ಎಂಬುದು ಅವರ ನಂಬಿಕೆ. ಆದರೆ ಐದು ಕಿಲೋಮೀಟರ್ ಓಡಲು ನನಗೆ 38 ನಿಮಿಷ ಬೇಕು. ಮೂರು ವಾರಗಳಿಂದ ಕೈಮರದ ರಸ್ತೆಯ ಏರು ಹತ್ತಿ ಇಳಿಯುವಾಗ ಬಲ ಮಂಡಿಯ ಚಿಪ್ಪಿನ ಸುತ್ತ ನೋವು ಬರುತ್ತಿದೆ; ಶಾಲೆಯ ಮೆಟ್ಟಿಲು ಇಳಿಯುವಾಗಲೂ ನೋಯುತ್ತದೆ. ಇಷ್ಟೆಲ್ಲ ಮಾಡುತ್ತಿರುವವರಿಗೆ ಹೇಳಲು ಮನಸ್ಸು ಬಾರದೆ ನೋವಿನ ಮಾತ್ರೆ ನುಂಗಿ ಓಡುತ್ತಿದ್ದೇನೆ. ಹೆಣ್ಣುಮಕ್ಕಳು ಅಷ್ಟು ದೂರ ಓಡಿದರೆ ಗರ್ಭಕೋಶ ಜಾರುತ್ತದೆ ಎಂದು ಅತ್ತೆಯವರು ಹೆದರುತ್ತಾರೆ. ನಾನು ಮುಂದುವರಿಯಬಹುದೇ?
– ಹೆಸರು ಬೇಡ, ಚಿಕ್ಕಮಗಳೂರು

ಉತ್ತರ: ಅಕ್ಟೋಬರ್ ಓಟಕ್ಕೆ ನೀವು ಖಂಡಿತ ಸಿದ್ಧರಾಗಬಹುದು, ನಾಲ್ಕು ತಿಂಗಳು ಸಾಕಷ್ಟು ಕಾಲ. ಆದರೆ ಈಗ ಓಡುತ್ತಿರುವ ರೀತಿಯಲ್ಲೇ ಮುಂದುವರಿದರೆ ಓಟದ ದಿನಕ್ಕೆ ಮೊದಲೇ ಮಂಡಿ ನಿಮ್ಮನ್ನು ಮನೆಯಲ್ಲಿ ಕೂರಿಸೀತು ಎಂಬ ಆತಂಕ ನನಗಿದೆ. ಆದ್ದರಿಂದ ಮೊದಲು ಮಂಡಿಯ ವಿಷಯವನ್ನೇ ಎತ್ತಿಕೊಳ್ಳುತ್ತೇನೆ.

ಪತ್ರ ಓದಿ ಕಾಯಿಲೆಯನ್ನು ನಿರ್ಧರಿಸುವುದು ಸರಿಯಲ್ಲ. ಆದರೂ ಇಳಿಜಾರಿನಲ್ಲಿ ಮತ್ತು ಮೆಟ್ಟಿಲು ಇಳಿಯುವಾಗ ಚಿಪ್ಪಿನ ಸುತ್ತ ನೋಯುವುದು ಹೊಸದಾಗಿ ಓಡುವವರಲ್ಲಿ ಬಹಳ ಸಾಮಾನ್ಯವಾಗಿ ಕಾಣುವ ಲಕ್ಷಣ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯುಗಳು ಮೈಭಾರವನ್ನು ತಡೆಹಿಡಿದು ಬ್ರೇಕಿನಂತೆ ಕೆಲಸ ಮಾಡುತ್ತವೆ. ಆ ಒತ್ತಡವೆಲ್ಲ ಮಂಡಿಚಿಪ್ಪಿನ ಮೇಲೆ ಬೀಳುತ್ತದೆ. ನೀವು ಅಭ್ಯಾಸಕ್ಕೆ ಆರಿಸಿಕೊಂಡಿರುವುದು 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ಕಡೆಗೆ ಏರುವ ರಸ್ತೆ. ಒಂದು ವರ್ಷದ ಅಭ್ಯಾಸದಿಂದ ನಿಮ್ಮ ಹೃದಯ ಮತ್ತು ಶ್ವಾಸಕೋಶಗಳು ಆ ಏರಿಗೆ ಒಗ್ಗಿಕೊಂಡಿರಬಹುದು. ಎಲುಬು ಮತ್ತು ಸ್ನಾಯುರಜ್ಜುಗಳು ಅಷ್ಟು ಬೇಗ ಒಗ್ಗುವುದಿಲ್ಲ. ಉಸಿರು ಕಟ್ಟದೆ ಓಡುತ್ತಿದ್ದೇನೆ ಎಂಬ ಧೈರ್ಯದಲ್ಲಿ ದೂರವನ್ನೂ ವೇಗವನ್ನೂ ಒಟ್ಟಿಗೇ ಹೆಚ್ಚಿಸಿದವರು ಪೆಟ್ಟು ತಿನ್ನುವುದು ಈ ಕಾರಣದಿಂದಲೇ.

ಮುಂದಿನ ಎರಡು ವಾರ ಕೈಮರದ ರಸ್ತೆಯನ್ನು ಪೂರ್ತಿಯಾಗಿ ಬಿಡಿ. ಜಿಲ್ಲಾ ಕ್ರೀಡಾಂಗಣದ ಸಮತಟ್ಟಾದ ನೆಲದಲ್ಲಿ, ನೋವು ಬಾರದಷ್ಟು ದೂರ ಮಾತ್ರ, ನಡಿಗೆ ಬೆರೆಸಿ ಓಡಿ. ವಾರಕ್ಕೆ ಎರಡು ದಿನ ಇಪ್ಪತ್ತು ನಿಮಿಷವಾದರೂ ತೊಡೆ, ಪೃಷ್ಠ ಮತ್ತು ಮೀನಖಂಡಗಳಿಗೆ ಬಲ ಕೊಡುವ ವ್ಯಾಯಾಮ ಮಾಡಿ: ಕುರ್ಚಿಯಿಂದ ನಿಧಾನವಾಗಿ ಎದ್ದು ಕೂರುವುದು, ಒಂದು ಮೆಟ್ಟಿಲು ಹತ್ತಿ ಇಳಿಯುವುದು, ಅಂಗಾತ ಮಲಗಿ ಸೊಂಟ ಎತ್ತುವುದು, ಹಿಮ್ಮಡಿ ಎತ್ತಿ ಇಳಿಸುವುದು. ಮಂಡಿ ಊದಿಕೊಂಡರೆ, ಸಿಕ್ಕಿಕೊಂಡಂತಾದರೆ, ಕುಸಿದಂತಾದರೆ ಅಥವಾ ರಾತ್ರಿ ಮಲಗಿದಾಗಲೂ ನೋಯುತ್ತಿದ್ದರೆ ಎರಡು ವಾರ ಕಾಯದೆ ಮೂಳೆ ವೈದ್ಯರನ್ನು ಕಾಣಬೇಕು. ಕಣಕಾಲಿನ ಎಲುಬಿನ ಮೇಲೆ ಬೆರಳಿಟ್ಟು ತೋರಿಸಬಹುದಾದಂತಹ ಒಂದೇ ಜಾಗದಲ್ಲಿ ನೋವಿದ್ದರೂ ಅಷ್ಟೇ. ಅದು ಎಲುಬಿನ ಸಣ್ಣ ಬಿರುಕಾಗಿರಬಹುದು.

ನೋವಿನ ಮಾತ್ರೆ ನುಂಗಿ ಓಡುವುದನ್ನು ಇಂದೇ ನಿಲ್ಲಿಸಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಐಬುಪ್ರೊಫೆನ್, ಡೈಕ್ಲೋಫೆನಾಕ್‌ನಂತಹ ಮಾತ್ರೆಗಳು ಮೂತ್ರಪಿಂಡಕ್ಕೆ ಹರಿಯುವ ರಕ್ತವನ್ನು ಕಡಿಮೆ ಮಾಡಬಲ್ಲವು. ಬೆವರಿ ನೀರಿನಂಶ ಕಳೆದುಕೊಂಡ ದೇಹದಲ್ಲಿ ಆ ಅಪಾಯ ಇನ್ನೂ ಹೆಚ್ಚು. ಅದಕ್ಕಿಂತ ಮುಖ್ಯವಾಗಿ, ನಿಲ್ಲು ಎಂದು ಹೇಳಬೇಕಾದ ನೋವನ್ನೇ ಅವು ಅಡಗಿಸಿಬಿಡುತ್ತವೆ.

ಇನ್ನು ನಿಮ್ಮ ಯಜಮಾನರ ವಿಷಯ. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ತಟ್ಟಿದ್ದು ಮಂಡಿಯ ನೋವಿಗಿಂತ ಅದನ್ನು ಅವರಿಂದ ಮುಚ್ಚಿಟ್ಟಿದ್ದು. ಹೆಂಡತಿ ಓಡುತ್ತೇನೆಂದರೆ ನಸುಕಿನಲ್ಲಿ ಎದ್ದು ಜೊತೆಗೆ ಬರುವ ಗಂಡ ಎಲ್ಲರಿಗೂ ಸಿಗುವುದಿಲ್ಲ, ನಿಜ. ಆದರೆ ಅವರ ಸಹಾಯವೇ ನಿಮ್ಮ ಮೇಲೆ ಋಣದಂತೆ ಕೂತು, ನೋವಾದರೂ ಬಾಯಿ ಬಿಡದಂತೆ ಮಾಡಿದ್ದರೆ, ಅದರ ರೂಪವನ್ನು ಬದಲಿಸಬೇಕಾಗುತ್ತದೆ. ಇವತ್ತೇ ರಾತ್ರಿ, ಮಕ್ಕಳು ಮಲಗಿದ ಮೇಲೆ, "ಮೂರು ವಾರದಿಂದ ಮಂಡಿ ನೋಯುತ್ತಿದೆ, ನಿಮಗೆ ಬೇಸರವಾದೀತೆಂದು ಹೇಳಲಿಲ್ಲ" ಎಂದು ಇದ್ದದ್ದನ್ನು ಇದ್ದಂತೆ ಹೇಳಿ. ನಿಮಗಾಗಿ ಇಷ್ಟು ಮಾಡುವವರು ಓಟದ ಪದಕಕ್ಕಿಂತ ನಿಮ್ಮ ಕಾಲನ್ನೇ ದೊಡ್ಡದೆಂದು ಎಣಿಸುತ್ತಾರೆ ಎಂದು ನಾನು ನಂಬಿದ್ದೇನೆ. ಅನಂತರ ಈ ಪುಟವನ್ನು ಅವರಿಗೂ ಓದಲು ಕೊಡಿ. ಮುಂದಿನ ಕೆಲವು ಮಾತುಗಳು ಅವರಿಗಾಗಿ.

ಬೈಕು ಪಕ್ಕದಲ್ಲಿ ಬರುವುದು ಬೇಡ. ಕಾಲುದಾರಿ ಇಲ್ಲದ ರಸ್ತೆಯಲ್ಲಿ ಓಡುವವರು ಬಲಬದಿಯಲ್ಲಿ, ಎದುರು ಬರುವ ವಾಹನ ಕಾಣುವಂತೆ ಓಡಬೇಕು. ಬೈಕು ಎಡಬದಿಯಲ್ಲೇ ಚಲಿಸಬೇಕು. ಇಬ್ಬರೂ ಅಕ್ಕಪಕ್ಕ ಸಾಗಬೇಕಾದರೆ ಒಬ್ಬರು ತಪ್ಪು ಬದಿಯಲ್ಲಿರಲೇಬೇಕಾಗುತ್ತದೆ. ಮಂಜು ಮುಸುಕಿದ ಮಲೆನಾಡಿನ ರಸ್ತೆಯಲ್ಲಿ, ತಿರುವಿನಾಚೆಯಿಂದ ಪ್ರವಾಸಿಗರ ವಾಹನಗಳು ನುಗ್ಗಿ ಬರುವ ಹೊತ್ತಿನಲ್ಲಿ, ಇದು ಸಣ್ಣ ಅಪಾಯವಲ್ಲ. ಕತ್ತಲಲ್ಲಿ ಒಬ್ಬಳೇ ಹೋಗುತ್ತಾಳಲ್ಲ ಎಂಬ ಅವರ ಚಿಂತೆ ನ್ಯಾಯವಾದದ್ದೇ. ಅದಕ್ಕೆ ಪರಿಹಾರವೆಂದರೆ ಬೆಳಕು ಹರಿದ ಮೇಲೆ ಹೊರಡುವುದು, ಬೆಳಕಿಗೆ ಹೊಳೆಯುವ ಪಟ್ಟಿಯ ಅಂಗಿ ತೊಡುವುದು, ಮೂರು-ನಾಲ್ಕು ಕಿಲೋಮೀಟರಿನ ಒಂದೇ ಸುತ್ತನ್ನು ಮತ್ತೆ ಮತ್ತೆ ಓಡುವುದು. ಅವರು ಆ ಸುತ್ತಿನ ಒಂದು ಕಡೆ ನೀರಿನ ಬಾಟಲಿ ಹಿಡಿದು ನಿಂತರೆ ನೀವು ಅರ್ಧ ಗಂಟೆಗೊಮ್ಮೆ ಅವರ ಕಣ್ಣಿಗೆ ಬೀಳುತ್ತೀರಿ.

ಪ್ರತಿ ಕಿಲೋಮೀಟರಿಗೂ ಸಮಯ ಹೇಳುವುದನ್ನೂ ಅವರು ಬಿಡಬೇಕು. ಎರಡು ಗಂಟೆಯಲ್ಲಿ 21.1 ಕಿಲೋಮೀಟರ್ ಎಂದರೆ ಪ್ರತಿ ಕಿಲೋಮೀಟರಿಗೆ 5 ನಿಮಿಷ 41 ಸೆಕೆಂಡು. ನಿಮ್ಮ ಐದು ಕಿಲೋಮೀಟರಿನ ವೇಗವೇ ಕಿಲೋಮೀಟರಿಗೆ 7 ನಿಮಿಷ 36 ಸೆಕೆಂಡು. ದೂರ ಹೆಚ್ಚಿದಂತೆ ವೇಗ ಸ್ವಲ್ಪ ಇಳಿಯುವುದು ಸಹಜವಾದ್ದರಿಂದ ಎರಡು ಮುಕ್ಕಾಲರಿಂದ ಮೂರು ಗಂಟೆ ನಿಮಗೆ ನ್ಯಾಯವಾದ ಗುರಿ. ಆ ಓಟಕ್ಕೆ ಆಯೋಜಕರು ಇಟ್ಟಿರುವ ಗರಿಷ್ಠ ಅವಧಿ ಎಷ್ಟೆಂಬುದನ್ನು ಮಾತ್ರ ಮೊದಲೇ ನೋಡಿಕೊಳ್ಳಿ. ಅಭ್ಯಾಸದ ಬಹುಪಾಲು ಓಟ ಇದಕ್ಕಿಂತಲೂ ನಿಧಾನವಾಗಿರಬೇಕು. ಪಕ್ಕದವರೊಡನೆ ಪೂರ್ತಿ ವಾಕ್ಯಗಳಲ್ಲಿ ಮಾತನಾಡಲು ಆಗುತ್ತಿದ್ದರೆ ವೇಗ ಸರಿಯಿದೆ. ಒಂದೊಂದೇ ಪದ ಹೊರಡುತ್ತಿದ್ದರೆ ಜೋರಾಯಿತು. ನಾಲ್ಕು ನಿಮಿಷ ಓಡಿ ಒಂದು ನಿಮಿಷ ನಡೆಯುವ ಕ್ರಮವನ್ನು ಅನುಸರಿಸಲು ಸಂಕೋಚ ಬೇಡ. 1972ರ ಒಲಿಂಪಿಕ್ಸ್‌ನಲ್ಲಿ ಓಡಿದ್ದ ಅಮೆರಿಕದ ಜೆಫ್ ಗ್ಯಾಲೊವೇ ಅವರು ಜನಪ್ರಿಯಗೊಳಿಸಿದ ಈ ಓಟ-ನಡಿಗೆಯ ಕ್ರಮದಿಂದ ಅಸಂಖ್ಯ ಜನರು ದೂರದ ಓಟಗಳನ್ನು ಮುಗಿಸಿದ್ದಾರೆ.

ನೀರೂ ಅಷ್ಟು ಬೇಡ. ಬಾಯಾರಿದಾಗ ಕುಡಿದರೆ ಸಾಕು. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ ಓಟ ಮುಗಿಸಿದ 488 ಮಂದಿಯ ರಕ್ತ ಪರೀಕ್ಷಿಸಿದಾಗ ಶೇಕಡ 13 ಜನರಲ್ಲಿ ಸೋಡಿಯಂ ಪ್ರಮಾಣ ಇರಬೇಕಾದ್ದಕ್ಕಿಂತ ಕಡಿಮೆಯಿತ್ತು. ಓಡುವಾಗ ಅತಿಯಾಗಿ ಕುಡಿದು ಮೈತೂಕ ಹೆಚ್ಚಿಸಿಕೊಂಡವರಲ್ಲೇ ಇದು ಎದ್ದು ಕಂಡಿತು. ನಿಧಾನವಾಗಿ ಓಡುವವರು ಹೆಚ್ಚು ಹೊತ್ತು ದಾರಿಯಲ್ಲಿರುವುದರಿಂದ ಈ ಎಚ್ಚರ ಅವರಿಗೇ ಹೆಚ್ಚು ಬೇಕು.

ಹಾಗಾದರೆ ಅವರು ಏನು ಮಾಡಬಹುದು? ನನ್ನ ದೃಷ್ಟಿಯಲ್ಲಿ ನಿಮಗೆ ನಿಜವಾಗಿ ಬೇಕಾದ ನೆರವು ರಸ್ತೆಯಲ್ಲಿಲ್ಲ, ಮನೆಯಲ್ಲಿದೆ. ಓಟದಿಂದ ದಣಿದ ಸ್ನಾಯುಗಳು ದುರಸ್ತಿಯಾಗಲು ನಿದ್ರೆ ಅತ್ಯಗತ್ಯ. ರಾತ್ರಿ ಹನ್ನೊಂದರವರೆಗೆ ಪಾತ್ರೆ ತೊಳೆದು, ಉತ್ತರ ಪತ್ರಿಕೆ ತಿದ್ದಿ, ನಾಲ್ಕೂವರೆಗೆ ಎದ್ದು ಓಡಿ, ಬಂದವಳೇ ಬೆವರಿನ ಬಟ್ಟೆಯಲ್ಲೇ ಮಕ್ಕಳ ಡಬ್ಬಿ ಕಟ್ಟುವ ಹೆಂಗಸಿಗೆ ಎಷ್ಟು ಬೆಲೆಯ ಶೂ ಕೊಡಿಸಿದರೂ ಆ ನಿದ್ರೆ ಸಿಗುವುದಿಲ್ಲ. ಶನಿವಾರ ಸಂಜೆ ಹಿಟ್ಟು ರುಬ್ಬಿಡುವುದು, ಭಾನುವಾರ ತಿಂಡಿ ಮಾಡಿ ಮಕ್ಕಳಿಗೂ ಅತ್ತೆಯವರಿಗೂ ಬಡಿಸುವುದು, ವಾರದಲ್ಲಿ ಓಟವಿರುವ ಬೆಳಿಗ್ಗೆಗಳಲ್ಲಿ ಮಕ್ಕಳನ್ನು ಹೊರಡಿಸುವುದು – ಇಷ್ಟನ್ನು ಅವರು ಅಕ್ಟೋಬರ್‌ವರೆಗೆ ತಪ್ಪದೆ ವಹಿಸಿಕೊಂಡರೆ ನಿಮಗೆ ದಿನಕ್ಕೆ ಒಂದು ಗಂಟೆಯ ನಿದ್ರೆಯಾದರೂ ಉಳಿಯುತ್ತದೆ. ಇನ್ನೊಂದು ಕೆಲಸವನ್ನೂ ಅವರಿಗೆ ಒಪ್ಪಿಸುತ್ತೇನೆ: ನೀವು ಕುಂಟುತ್ತಿದ್ದ ದಿನ, ಜ್ವರವಿದ್ದ ದಿನ, ಇವತ್ತು ಓಡಬೇಡ ಎಂದು ಹೇಳುವ ಅಧಿಕಾರ.

ಅಭ್ಯಾಸದ ಕ್ರಮ ಕಷ್ಟದ್ದೇನಲ್ಲ. ವಾರಕ್ಕೆ ಮೂರು, ಹೆಚ್ಚೆಂದರೆ ನಾಲ್ಕು ದಿನ ಓಡಿ. ಮಂಡಿ ಸುಧಾರಿಸಿದ ಮೇಲೆ ಭಾನುವಾರದ ಉದ್ದದ ಓಟವನ್ನು ಏಳು ಕಿಲೋಮೀಟರಿನಿಂದ ಆರಂಭಿಸಿ, ವಾರಕ್ಕೆ ಒಂದು ಅಥವಾ ಒಂದೂವರೆ ಕಿಲೋಮೀಟರಿನಂತೆ ಏರಿಸಿ, ಪ್ರತಿ ನಾಲ್ಕನೆಯ ವಾರ ಇಳಿಸಿ. ಓಟಕ್ಕೆ ಮೂರು ವಾರವಿರುವಾಗ 16-17 ಕಿಲೋಮೀಟರ್ ತಲುಪಿದ್ದರೆ ಸಾಕು. ಉಳಿದ ದೂರವನ್ನು ಆ ದಿನದ ಉತ್ಸಾಹ ದಾಟಿಸುತ್ತದೆ. ಕೊನೆಯ ಎರಡು ವಾರ ದೂರ ತಗ್ಗಿಸಬೇಕು. ಊರಿನಿಂದ ಪೂರ್ವಕ್ಕೆ, ಕಡೂರು ಸೀಮೆಯತ್ತ ಸಾಗಿದಂತೆ ನೆಲ ಬಯಲಾಗುತ್ತದೆ. ಉದ್ದದ ಓಟಕ್ಕೆ ಹೆದ್ದಾರಿ ಬಿಟ್ಟು ಆ ಕಡೆಯ ಹಳ್ಳಿ ರಸ್ತೆಗಳೇ ಲೇಸು. ಪುಷ್ಯ, ಆಶ್ಲೇಷ ಮಳೆಗಳು ಹಿಡಿದಾಗ ಎರಡು ಜೊತೆ ಶೂಗಳನ್ನು ಸರದಿಯಲ್ಲಿ ಬಳಸಿ, ಒದ್ದೆಯಾದ ಜೊತೆಗೆ ಹಳೆಯ ಪತ್ರಿಕೆ ತುರುಕಿಟ್ಟರೆ ಬೇಗ ಒಣಗುತ್ತದೆ. ಉಜ್ಜಿ ಗಾಯವಾಗುವ ಜಾಗಗಳಿಗೆ ವ್ಯಾಸಲೀನ್ ಸವರಿಕೊಳ್ಳಿ. ಗುಡುಗು ಸಿಡಿಲಿದ್ದರೆ ಅಂದಿನ ಓಟ ಬಿಟ್ಟುಬಿಡಿ.

ಊಟದಲ್ಲಿ ಒಂದು ವಿಷಯಕ್ಕೆ ಗಮನ ಬೇಕು. ರಾಷ್ಟ್ರೀಯ ಕುಟುಂಬ ಆರೋಗ್ಯದ ಐದನೆಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇಕಡ 57 ಮಂದಿಗೆ ರಕ್ತಹೀನತೆಯಿದೆ. ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆಯಿದ್ದರೆ ಎಷ್ಟು ಅಭ್ಯಾಸ ಮಾಡಿದರೂ ಸುಸ್ತು ಬಿಡುವುದಿಲ್ಲ. ಹಿಮೋಗ್ಲೋಬಿನ್ ಪರೀಕ್ಷೆಯ ಜೊತೆಗೆ, ಮೈಯಲ್ಲಿ ಸಂಗ್ರಹವಾಗಿರುವ ಕಬ್ಬಿಣಾಂಶ ಎಷ್ಟೆಂದು ತೋರಿಸುವ ಫೆರಿಟಿನ್ ಪರೀಕ್ಷೆಯನ್ನೂ ಮಾಡಿಸಿ. ಕಾಫಿಯ ನಾಡಿನವರಿಗೆ ಹೇಳಲು ಕಷ್ಟವಾದರೂ ಹೇಳಬೇಕು: ಊಟದೊಂದಿಗೆ ಅಥವಾ ಊಟದ ಬೆನ್ನಿಗೇ ಕುಡಿದ ಕಾಫಿ, ಸೊಪ್ಪು ಮತ್ತು ಕಾಳುಗಳಲ್ಲಿನ ಕಬ್ಬಿಣಾಂಶ ಮೈಗೆ ಹತ್ತದಂತೆ ತಡೆಯುತ್ತದೆ. ಒಂದು ಗಂಟೆಯಾದರೂ ಅಂತರವಿರಲಿ; ಸೊಪ್ಪಿನ ಪಲ್ಯದ ಮೇಲೆ ನಿಂಬೆರಸ ಹಿಂಡಿಕೊಂಡರೆ ಕಬ್ಬಿಣಾಂಶ ಚೆನ್ನಾಗಿ ಹೀರಿಕೊಳ್ಳುತ್ತದೆ. ಉದ್ದದ ಓಟಕ್ಕೆ ಒಂದೂವರೆ ಗಂಟೆ ಮೊದಲು ಎರಡು ಇಡ್ಲಿ ಅಥವಾ ಕಡುಬು, ಒಂದೂವರೆ ಗಂಟೆ ಮೀರಿದ ಓಟದಲ್ಲಿ ನಡುವೆ ಖರ್ಜೂರ ಅಥವಾ ಬಾಳೆಹಣ್ಣು ಇರಲಿ. ಓಟದ ದಿನ ತಿನ್ನುವುದನ್ನು ಅಭ್ಯಾಸದಲ್ಲೇ ತಿಂದು ನೋಡಿರಬೇಕು.

ಅತ್ತೆಯವರ ಭಯವನ್ನು ತಳ್ಳಿಹಾಕಬೇಡಿ. ಅದು ಒಂದು ಕಾಲದಲ್ಲಿ ವೈದ್ಯರೂ ಕ್ರೀಡಾ ಅಧಿಕಾರಿಗಳೂ ನಂಬಿದ್ದ ಮಾತೇ. ಒಲಿಂಪಿಕ್ಸ್‌ನಲ್ಲಿ ಮಹಿಳೆಯರಿಗೆ ಮ್ಯಾರಥಾನ್ ಓಡಲು ಅವಕಾಶ ಸಿಕ್ಕಿದ್ದು 1984ರಲ್ಲಿ, ಲಾಸ್ ಏಂಜಲೀಸ್‌ನಲ್ಲಿ. ಓಡುವುದರಿಂದ ಆರೋಗ್ಯವಂತ ಮಹಿಳೆಯ ಗರ್ಭಕೋಶ ಜಾರುತ್ತದೆ ಎಂಬುದಕ್ಕೆ ಆಧಾರವಿಲ್ಲ. ಆದರೆ ಹೆರಿಗೆಯಾದವರಲ್ಲಿ ಓಡುವಾಗ ಮೂತ್ರ ಸೋರುವುದು, ಕೆಳಹೊಟ್ಟೆ ಭಾರವೆನಿಸುವುದು ಸಾಮಾನ್ಯ. ನಿಮಗೆ ಹಾಗಾಗುತ್ತಿದ್ದರೆ ನಾಚಿಕೆ ಬಿಟ್ಟು ಸ್ತ್ರೀರೋಗ ತಜ್ಞರಿಗೆ ಹೇಳಿ. ಗರ್ಭಕೋಶ, ಮೂತ್ರಕೋಶಗಳಿಗೆ ಕೆಳಗಿನಿಂದ ಆಸರೆಯಾಗಿರುವ ಶ್ರೋಣಿಯ ಸ್ನಾಯುಗಳ ವ್ಯಾಯಾಮದಿಂದ ಬಹುಪಾಲು ಮಂದಿಗೆ ಗುಣ ಕಾಣುತ್ತದೆ.

ಓಟದ ದಿನ ನಿಮ್ಮ ಯಜಮಾನರು ಸಾಧ್ಯವಾದರೆ 15ನೇ ಕಿಲೋಮೀಟರಿನ ಬಳಿ ನಿಂತಿರಲಿ. ಮೊದಲ ಸಲ ಓಡುವವರಿಗೆ ಮನೆಯವರ ಮುಖ ಕಾಣಬೇಕೆನಿಸುವುದು ಅಲ್ಲಿಯೇ. ಆದರೆ "ಇನ್ನೇನು ಮುಗಿದೇ ಹೋಯಿತು" ಎಂದು ಮಾತ್ರ ಹೇಳದಿರಲಿ, ಏಕೆಂದರೆ ಆಗ ಇನ್ನೂ ಆರು ಕಿಲೋಮೀಟರ್ ಉಳಿದಿರುತ್ತದೆ.

ಪ್ರಶ್ನೆ: ನಮ್ಮವರಿಗೆ 52 ವರ್ಷ, ಎಂಟು ವರ್ಷಗಳಿಂದ ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಹಾಸನದ ಕ್ರೀಡಾಂಗಣದಲ್ಲಿ ದಿನವೂ ನಡೆಯುತ್ತಿದ್ದವರು ಈಗ ಅರ್ಧ ಮ್ಯಾರಥಾನ್ ಓಡುವ ಆಸೆ ಪಟ್ಟಿದ್ದಾರೆ. ಬೇಡವೆನ್ನಲು ಮನಸ್ಸಿಲ್ಲ. ಜೊತೆಗಿರುವ ನಾನು ಏನನ್ನು ಗಮನಿಸಬೇಕು?
– ಓದುಗರೊಬ್ಬರು, ಹಾಸನ

ಉತ್ತರ: ಅವರ ಆಸೆ ಒಳ್ಳೆಯದೇ, ಓಟದಿಂದ ಸಕ್ಕರೆಯ ಹತೋಟಿಗೆ ಸಹಾಯವಾಗುತ್ತದೆ. ಆದರೆ ನಡಿಗೆಯಿಂದ ಓಟಕ್ಕೆ ದಾಟುವ ಮೊದಲು ವೈದ್ಯರನ್ನು ಕಂಡು ಹೃದಯ, ಕಣ್ಣು ಮತ್ತು ಪಾದಗಳ ಪರೀಕ್ಷೆ ಮಾಡಿಸಲೇಬೇಕು. ನುಂಗುತ್ತಿರುವ ಮಾತ್ರೆ ಯಾವುದೆಂದು ಕೇಳಿ ತಿಳಿದುಕೊಳ್ಳಿ. ಮೆಟ್‌ಫಾರ್ಮಿನ್ ಒಂದೇ ಆದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯುವುದು ಅಪರೂಪ. ಗ್ಲಿಮೆಪಿರೈಡ್‌ನಂತಹ ಮಾತ್ರೆ ಅಥವಾ ಇನ್ಸುಲಿನ್ ಇದ್ದರೆ ಓಡುವಾಗಲೂ, ಅದೇ ರಾತ್ರಿ ನಿದ್ರೆಯಲ್ಲೂ ಇಳಿಯಬಹುದು. ಅಂಥವರು ಓಡುವ ಮೊದಲು ಸಕ್ಕರೆ ಪರೀಕ್ಷಿಸಿಕೊಂಡು, 90ಕ್ಕಿಂತ ಕಡಿಮೆಯಿದ್ದರೆ ಏನಾದರೂ ತಿಂದೇ ಹೊರಡಬೇಕು. ನಡುಕ, ತಣ್ಣನೆಯ ಬೆವರು, ತೊದಲುವ ಮಾತು, ಕಾರಣವಿಲ್ಲದ ಸಿಡುಕು ಕಂಡರೆ ತಕ್ಷಣ ನಿಲ್ಲಿಸಿ, ಸುಮಾರು 15 ಗ್ರಾಂ ಗ್ಲೂಕೋಸ್ ಅಥವಾ ಮೂರು ಟೀ ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಿ, ಕಾಲು ಗಂಟೆ ಬಿಟ್ಟು ಮತ್ತೆ ಪರೀಕ್ಷಿಸಿ. ಪ್ರಜ್ಞೆ ಮಂಕಾಗಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಕರೆದೊಯ್ಯಿರಿ. ಎದೆ ಬಿಗಿತ, ದವಡೆ ಅಥವಾ ತೋಳಿನ ನೋವು ಬಂದರೂ ಆಸ್ಪತ್ರೆಯೇ.

ಓಡಿ ಬಂದ ಮೇಲೆ ಅವರ ಎರಡೂ ಪಾದಗಳನ್ನು ಬೆಳಕಿನಲ್ಲಿ, ಬೆರಳ ಸಂದಿಗಳನ್ನೂ ಬಿಡದೆ ನೋಡಿ. ಸ್ಪರ್ಶ ಮಂದವಾದ ಪಾದಕ್ಕೆ ಬೊಕ್ಕೆ ಎದ್ದದ್ದೂ ತಿಳಿಯುವುದಿಲ್ಲ. ಅದನ್ನು ಮೊದಲು ಕಾಣುವವರು ಬಹುಶಃ ನೀವೇ ಆಗಿರುತ್ತೀರಿ.