ಏಪ್ರಿಲ್‌ನಲ್ಲಿ ಒಬ್ಬಳೇ ಬ್ಯಾಂಕಾಕ್‌ಗೆ ಹೊರಟಿದ್ದೇನೆ, ಮೊದಲ ಮೂರು ದಿನ ಹೇಗೆ ಕಳೆಯಲಿ?

ನೀವು ಕೇಳಿರುವುದು ಇಷ್ಟು: ಹಾಸನದವರು, ಬೆನ್ನಿಗೊಂದು ಬ್ಯಾಗ್ ಹಾಕಿಕೊಂಡು ಏಪ್ರಿಲ್‌ನಲ್ಲಿ ಒಬ್ಬರೇ ಬ್ಯಾಂಕಾಕ್‌ಗೆ ಹೋಗುತ್ತಿದ್ದೀರಿ. ಹೊರದೇಶ ಇದೇ ಮೊದಲು. ಸಸ್ಯಾಹಾರಿ ಬೇರೆ. ಯಾರಾದರೂ ಮೋಸ ಮಾಡಿಬಿಟ್ಟರೆ ಅನ್ನುವ ಭಯ. ಮೊದಲ ಮೂರು ದಿನ ಏನು ಮಾಡಬೇಕು?

ನಾನು ಚಿಕ್ಕಮಗಳೂರಿನವಳು. ನಾನೂ ಒಬ್ಬಳೇ ಹೋಗಿದ್ದು, ಅದೂ ಏಪ್ರಿಲ್‌ನಲ್ಲೇ. ಮೋಸಗಾರರಿಗೆ ಆಮೇಲೆ ಹೆದರಿದರಾಯಿತು. ಮೊದಲು ಬಿಸಿಲಿಗೆ ಹೆದರಿ.

ನೀವು ನಾವು ಸಮುದ್ರಮಟ್ಟದಿಂದ ಮೂರು ಸಾವಿರ ಅಡಿ ಮೇಲೆ ಇರುವವರು. ಏಪ್ರಿಲ್‌ನಲ್ಲಿ ಎಷ್ಟೇ ಸೆಕೆ ಅಂದುಕೊಂಡರೂ ರಾತ್ರಿ ಮಲಗಿದ ಮೇಲೆ ಹೊದಿಕೆ ಎಳೆದುಕೊಳ್ಳುತ್ತೇವೆ, ಅಲ್ವಾ? ಬ್ಯಾಂಕಾಕ್ ಇರುವುದು ಸಮುದ್ರಕ್ಕಿಂತ ಒಂದೆರಡು ಮೀಟರ್ ಎತ್ತರದಲ್ಲಿ. ಅಲ್ಲಿ ಏಪ್ರಿಲ್ ಅಂದರೆ ವರ್ಷದಲ್ಲೇ ಜಾಸ್ತಿ ಬಿಸಿ ಇರುವ ತಿಂಗಳು. ಮಧ್ಯಾಹ್ನ 35, 36 ಡಿಗ್ರಿ ಮಾಮೂಲಿ, ರಾತ್ರಿಯೂ 27ರ ಆಸುಪಾಸಿನಲ್ಲೇ ನಿಂತಿರುತ್ತದೆ. ಅಂಕಿ ನೋಡಿ ಇಷ್ಟೇನಾ ಅನ್ನಿಸಬಹುದು. ಆದರೆ ಗಾಳಿಯಲ್ಲಿ ನೀರಿನಂಶ ಎಷ್ಟಿರುತ್ತದೆ ಅಂದರೆ ಬೆವರು ಆರುವುದೇ ಇಲ್ಲ. ಬೆವರು ಆರದಿದ್ದರೆ ಮೈ ತಣ್ಣಗಾಗುವುದೂ ಇಲ್ಲ. ಎರಡು ಗಂಟೆ ನಡೆದರೆ ತಲೆ ಕೆಲಸ ಮಾಡುವುದು ನಿಲ್ಲುತ್ತದೆ.

ಮೋಸ ಹೋಗುವುದೂ ಆಗಲೇ. ಎಲ್ಲರೂ ನೋಡಲು ಹೋಗುವ ರಾಜರ ಅರಮನೆ, ಅಂದರೆ ಗ್ರ್ಯಾಂಡ್ ಪ್ಯಾಲೇಸ್‌ನ ಗೋಡೆಗುಂಟ ಬಿಸಿಲಿನಲ್ಲಿ ನಡೆಯುತ್ತಿರುತ್ತೀರಿ. ಇಸ್ತ್ರಿ ಅಂಗಿ ಹಾಕಿಕೊಂಡ ಒಬ್ಬ ಮರ್ಯಾದಸ್ಥ ಬಂದು, ‘ಅರಮನೆ ಇವತ್ತು ಬಂದ್, ಒಳಗೆ ಪೂಜೆ ನಡೀತಿದೆ, ಮಧ್ಯಾಹ್ನದ ಮೇಲೆ ತೆಗೀತಾರೆ’ ಅನ್ನುತ್ತಾನೆ. ಅಷ್ಟರಲ್ಲಿ ಪಕ್ಕದಲ್ಲೇ ಒಂದು ಟುಕ್‌ಟುಕ್, ಅಂದರೆ ಅಲ್ಲಿನ ಆಟೊ. ಇಪ್ಪತ್ತು ಬಾತ್‌ಗೆ (ಬಾತ್ ಅಂದರೆ ಅಲ್ಲಿನ ದುಡ್ಡು) ನಾಲ್ಕು ದೇವಸ್ಥಾನ ತೋರಿಸುತ್ತಾನಂತೆ. ನೆರಳು, ಗಾಳಿ, ಕೂರುವ ಸೀಟು ಮೂರೂ ಇಪ್ಪತ್ತು ಬಾತ್‌ಗೆ ಸಿಗುತ್ತದೆ ಅಂದರೆ ಯಾರಿಗೆ ಬೇಡ? ಗಾಡಿ ಕೊನೆಗೆ ಹೋಗಿ ನಿಲ್ಲುವುದು ರತ್ನದ ಅಂಗಡಿ ಮುಂದೆ, ಇಲ್ಲವೇ ಸೂಟು ಹೊಲಿಯುವ ಅಂಗಡಿ ಮುಂದೆ. ಬೆಳಗ್ಗೆ ಎಂಟೂವರೆಗೆ, ತಿಂಡಿ ತಿಂದು, ತಲೆ ತಣ್ಣಗಿರುವಾಗ ಅದೇ ಮಾತು ಹೇಳಿದರೆ ನಗುತ್ತಾ ಮುಂದೆ ಹೋಗುತ್ತೀರಿ. ಎದುರಿಗೆ ಗೇಟು ತೆರೆದಿರುವುದು ಕಾಣುತ್ತಿರುತ್ತದಲ್ಲ.

ಹಾಗಾಗಿ ನನ್ನ ಲೆಕ್ಕ ಇದು. ಬೆಳಗ್ಗೆ ಆರಕ್ಕೆ ಹೊರಗೆ. ಹನ್ನೊಂದಕ್ಕೆ ಒಳಗೆ, ಅಂದರೆ ಎಸಿ ಇರುವ ಎಲ್ಲಿಗಾದರೂ. ನಾಲ್ಕೂವರೆ ಆದ ಮೇಲೆ ಮತ್ತೆ ಹೊರಗೆ. ಆ ಊರಿನವರು ಬದುಕುವುದೂ ಸುಮಾರಾಗಿ ಹೀಗೇ. ಮಧ್ಯಾಹ್ನ ಎರಡಕ್ಕೆ ಬಿಸಿಲಲ್ಲಿ ಕಾಲೆಳೆಯುತ್ತಾ ಓಡಾಡುವವರು ನಮ್ಮಂಥ ಪ್ರವಾಸಿಗಳು ಮಾತ್ರ.

ಮೊದಲ ದಿನವೇ ಕಷ್ಟದ್ದು, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬೆಂಗಳೂರಿನಿಂದ ಹೊರಡುವ ವಿಮಾನಗಳಲ್ಲಿ ತುಂಬಾ ರಾತ್ರಿಯವೇ. ಹಾಸನದಿಂದ ಮಧ್ಯಾಹ್ನದ ಬಸ್ಸು, ಆಮೇಲೆ ಏರ್‌ಪೋರ್ಟ್ ಬಸ್ಸು, ಚೆಕಿನ್ ಕ್ಯೂ, ಸುಮಾರು ನಾಲ್ಕು ಗಂಟೆ ವಿಮಾನ. ಅಲ್ಲಿನ ಗಡಿಯಾರ ನಮಗಿಂತ ಒಂದೂವರೆ ಗಂಟೆ ಮುಂದೆ. ಬೆಳಗಿನ ಜಾವ ಇಳಿಯುವಾಗ ನಿದ್ದೆ ಪೂರ್ತಿ ಹೋಗಿರುತ್ತದೆ. ಹಾಸ್ಟೆಲ್‌ನವರು ಹಾಸಿಗೆ ಕೊಡುವುದು ಮಧ್ಯಾಹ್ನ ಎರಡಕ್ಕೆ. ನಡುವಿನ ಏಳೆಂಟು ಗಂಟೆ ಏನು ಮಾಡುತ್ತೀರಿ? ಸಾಮಾನ್ಯವಾಗಿ ಎಲ್ಲರೂ ಬ್ಯಾಗ್ ಇಟ್ಟು ಅರಮನೆಗೆ ಓಡುತ್ತಾರೆ. ಬೇಡ. ದುಡ್ಡಿದ್ದರೆ ಹಿಂದಿನ ರಾತ್ರಿಗೂ ಸೇರಿಸಿ ಬುಕ್ ಮಾಡಿ, ‘ಬೆಳಗ್ಗೆ ಏಳಕ್ಕೆ ಬರುತ್ತೇನೆ’ ಅಂತ ಮುಂಚೆಯೇ ಮೆಸೇಜ್ ಹಾಕಿ. ಹೋದ ತಕ್ಷಣ ಸ್ನಾನ, ನಿದ್ದೆ. ಬ್ಯಾಕ್‌ಪ್ಯಾಕರ್ ಅಂದರೆ ಪ್ರತಿ ಪೈಸೆ ಉಳಿಸಬೇಕು ಅಂತ ಹೇಳುವವರ ಮಾತು ಮೊದಲ ಎರಡು ರಾತ್ರಿಗೆ ಕೇಳಬೇಡಿ. ಫ್ಯಾನ್ ರೂಮ್ ಅಗ್ಗ, ನಿಜ. ಅದರಲ್ಲಿ ನಿದ್ದೆ ಬರುವುದಿಲ್ಲ, ಅದೂ ನಿಜ. ಹೆಣ್ಣುಮಕ್ಕಳಿಗೆ ಮಾತ್ರ ಇರುವ ಎಸಿ ಡಾರ್ಮ್‌ಗಳು ಬೇಕಾದಷ್ಟಿವೆ.

ಎಲ್ಲಿ ಉಳಿಯಬೇಕು? ಎಲ್ಲರೂ ಹಳೇ ಊರಿನಲ್ಲಿರುವ ಬ್ಯಾಕ್‌ಪ್ಯಾಕರ್‌ಗಳ ಬೀದಿ ಖಾವ್ ಸಾನ್ ರೋಡ್ ಅನ್ನುತ್ತಾರೆ. ರಾತ್ರಿಯಿಡೀ ಗದ್ದಲ, ಮೆಟ್ರೊ ದೂರ. ಒಂದು ಸಂಜೆ ಸುಮ್ನೆ ನೋಡಿಬರಲು ಸಾಕು. ಮೆಟ್ರೊ ಸ್ಟೇಷನ್‌ಗೆ ಐದು ನಿಮಿಷದ ನಡಿಗೆ ಇರುವ ಜಾಗ ಹುಡುಕಿ. ಸೀಲೋಮ್ ಕಡೆ ಒಳ್ಳೆಯದು, ಅಥವಾ ಚೈನಾಟೌನ್‌ನ ವಾಟ್ ಮಂಗ್‌ಕೋನ್ ಸ್ಟೇಷನ್ ಹತ್ತಿರ. 2019ರಲ್ಲಿ ಮೆಟ್ರೊ ನೀಲಿ ಮಾರ್ಗ ಹಳೇ ಊರಿನವರೆಗೂ ಬಂದ ಮೇಲೆ ಖಾವ್ ಸಾನ್‌ನಲ್ಲೇ ಇರಬೇಕು ಅನ್ನುವ ಕಾರಣ ಉಳಿದಿಲ್ಲ. ಸನಾಮ್ ಚಾಯ್ ಸ್ಟೇಷನ್‌ನಲ್ಲಿ ಇಳಿದರೆ ಮಲಗಿದ ಬುದ್ಧನ ದೇವಸ್ಥಾನ ವಾಟ್ ಫೋ ನಡೆದುಕೊಂಡು ಹೋಗುವಷ್ಟು ಹತ್ತಿರ.

ಸುವರ್ಣಭೂಮಿ ಏರ್‌ಪೋರ್ಟ್‌ನಲ್ಲಿ ಇಳಿದರೆ ಟ್ಯಾಕ್ಸಿ ಬೇಕಿಲ್ಲ. ಕೆಳಗಿನ ಮಹಡಿಯಲ್ಲೇ ರೈಲಿದೆ. ಬೆಳಗ್ಗೆ ಐದೂವರೆ ಹೊತ್ತಿಗೆ ಶುರುವಾಗುತ್ತದೆ. ಕೊನೆಯ ನಿಲ್ದಾಣ ಫಯಾ ಥಾಯ್, ಅರ್ಧ ಗಂಟೆ ದಾರಿ, 45 ಬಾತ್. ಅಲ್ಲಿಂದ ಮೇಲ್ಸೇತುವೆ ರೈಲು ಹಿಡಿಯಬಹುದು. ಅದೇ ಕೆಳಮಹಡಿಯಲ್ಲಿ ದುಡ್ಡು ಬದಲಾಯಿಸುವ ಅಂಗಡಿಗಳಿವೆ, ಮೇಲಿನವಕ್ಕಿಂತ ಒಳ್ಳೆಯ ರೇಟು. ಎಟಿಎಂನಲ್ಲಿ ನಮ್ಮ ಕಾರ್ಡ್ ಹಾಕಿದರೆ ಪ್ರತಿ ಸಲ 200 ಬಾತ್‌ಗೂ ಜಾಸ್ತಿ ಶುಲ್ಕ ಕತ್ತರಿಸುತ್ತಾರೆ, ಅದಕ್ಕೆ ಸ್ವಲ್ಪ ಡಾಲರ್ ಒಯ್ಯಿರಿ.

ಇನ್ನೊಂದು ಮುಖ್ಯ ವಿಷಯ. 2025ರ ಮೇ 1ರಿಂದ ಥಾಯ್ಲೆಂಡ್‌ಗೆ ಬರುವ ವಿದೇಶಿಯರೆಲ್ಲ ಡಿಜಿಟಲ್ ಅರೈವಲ್ ಕಾರ್ಡ್ ಅನ್ನುವ ಆನ್‌ಲೈನ್ ಫಾರಂ ತುಂಬಬೇಕು, ತಲುಪುವ ದಿನಕ್ಕಿಂತ ಮೂರು ದಿನದೊಳಗೆ. ಸರ್ಕಾರಿ ಸೈಟಿನಲ್ಲಿ ಅದು ಪುಕ್ಕಟೆ. ದುಡ್ಡು ಕೇಳಿದರೆ ಅದು ನಕಲಿ ಸೈಟು, ಮುಚ್ಚಿಬಿಡಿ. ವೀಸಾ ನಿಯಮ ಆಗಾಗ ಬದಲಾಗುತ್ತಿರುತ್ತದೆ. ಟಿಕೆಟ್ ಮಾಡುವ ವಾರ ಥಾಯ್ ದೂತಾವಾಸದ ಸೈಟನ್ನೇ ನೋಡಿ, ಯೂಟ್ಯೂಬ್ ನಂಬಬೇಡಿ.

ಮೊದಲ ದಿನ ಸಂಜೆ ಲುಂಫಿನಿ ಪಾರ್ಕ್‌ಗೆ ಹೋಗಿ, ಬೇರೇನೂ ಬೇಡ. ಕೆರೆ ದಂಡೆಯಲ್ಲಿ ಉಡಗಳು ಬಿದ್ದುಕೊಂಡಿರುತ್ತವೆ. ನಮ್ಮ ತೋಟದಲ್ಲಿ ಕಾಣುವ ಸೈಜಲ್ಲ, ಕೆಲವು ಮನುಷ್ಯನಷ್ಟೇ ಉದ್ದ. ಪಕ್ಕದಲ್ಲೇ ಜನ ಜಾಗಿಂಗ್ ಮಾಡುತ್ತಿರುತ್ತಾರೆ, ಯಾರೂ ತಿರುಗಿ ನೋಡುವುದಿಲ್ಲ. ಸರಿಯಾಗಿ ಆರು ಗಂಟೆಗೆ ಸ್ಪೀಕರ್‌ನಲ್ಲಿ ರಾಷ್ಟ್ರಗೀತೆ ಬರುತ್ತದೆ. ಓಡುತ್ತಿದ್ದವರು ಓಡುತ್ತಿದ್ದಲ್ಲೇ ನಿಲ್ಲುತ್ತಾರೆ. ಇಯರ್‌ಫೋನ್ ತೆಗೆದು, ಏದುಸಿರು ಬಿಡುತ್ತಾ, ಮೂಗಿನ ತುದಿಯಿಂದ ಬೆವರು ತೊಟ್ಟಿಕ್ಕುತ್ತಿದ್ದರೂ ಒರೆಸಿಕೊಳ್ಳದೆ ನಿಂತಿರುತ್ತಾರೆ. ಮುಗಿದ ಮರುಕ್ಷಣ ಮತ್ತೆ ಓಟ. ನೀವೂ ನಿಲ್ಲಿ. ಬೆಳಗ್ಗೆ ಎಂಟಕ್ಕೂ ಹೀಗೇ, ರೈಲು ಸ್ಟೇಷನ್‌ಗಳಲ್ಲೂ ಹೀಗೇ. ಅಲ್ಲಿ ರಾಜಮನೆತನದ ಬಗ್ಗೆ ತಮಾಷೆಗೂ ಹಗುರವಾಗಿ ಮಾತಾಡಬಾರದು, ಕಾನೂನು ಬಹಳ ಕಟ್ಟುನಿಟ್ಟು.

ಎರಡನೇ ದಿನ ಅರಮನೆ. ಎಂಟೂವರೆಗೆ ಬಾಗಿಲು ತೆಗೆಯುತ್ತಾರೆ, ಆ ಹೊತ್ತಿಗೇ ಗೇಟಿನಲ್ಲಿರಿ. ವಿದೇಶಿಯರಿಗೆ 500 ಬಾತ್, ಸ್ವಲ್ಪ ದುಬಾರಿಯೇ. ಭುಜ, ಮಂಡಿ ಮುಚ್ಚಿರಬೇಕು. ಕಾಟನ್ ಚೂಡಿದಾರ್ ಇದಕ್ಕೆ ಹೇಳಿ ಮಾಡಿಸಿದ್ದು, ಜೀನ್ಸ್ ಮನೆಯಲ್ಲೇ ಬಿಡಿ. ಒಳಗಿನ ದೇವಸ್ಥಾನದಲ್ಲಿ ಎಲ್ಲರೂ ಪಚ್ಚೆ ಬುದ್ಧನ ವಿಗ್ರಹದ ಮುಂದೆ ಮುಗಿಬೀಳುತ್ತಾರೆ. ಪಚ್ಚೆ ಅನ್ನುವುದು ಹೆಸರಿಗೆ, ಅದು ಬೇರೆ ಹಸಿರು ಕಲ್ಲು. ಬೇಸಿಗೆ, ಮಳೆ, ಚಳಿಗಾಲಕ್ಕೆ ಒಂದೊಂದು ಉಡುಪು, ಬದಲಾಯಿಸುವುದು ರಾಜ. ನನಗೆ ಅದಕ್ಕಿಂತ ಹಿಡಿಸಿದ್ದು ಸುತ್ತಲಿನ ಪ್ರಾಕಾರದ ಗೋಡೆ. 178 ಚಿತ್ರಗಳಲ್ಲಿ ಇಡೀ ರಾಮಾಯಣ ಬರೆದಿದ್ದಾರೆ, ಅವರ ರಾಮಾಯಣ. ಹಳೇಬೀಡು ನೋಡಿ ಬೆಳೆದವರಿಗೆ ಕಥೆ ಗುರುತು ಹಿಡಿಯುವುದು ಸುಲಭ. ಆದರೆ ಹನುಮಂತನನ್ನು ನೋಡಿ ಗಾಬರಿಯಾಗಬೇಡಿ. ಅಲ್ಲಿ ಅವನು ಬ್ರಹ್ಮಚಾರಿಯಲ್ಲ, ಮತ್ಸ್ಯಕನ್ಯೆಯನ್ನು ಒಲಿಸಿಕೊಂಡವನು. ಆ ಜಗಲಿ ಪೂರ್ತಿ ನೆರಳು, ಜನವೂ ಕಡಿಮೆ. ಅಂಗಳಕ್ಕೆ ಇಳಿದರೆ ಮಾತ್ರ ಶ್ರವಣಬೆಳಗೊಳದ ಬೆಟ್ಟವನ್ನು ಮಧ್ಯಾಹ್ನ ಬರಿಗಾಲಲ್ಲಿ ಹತ್ತಿದಷ್ಟೇ ಕಾವು ಮುಖಕ್ಕೆ ಹೊಡೆಯುತ್ತದೆ.

ಹನ್ನೊಂದಕ್ಕೆ ಅಲ್ಲಿಂದ ಹೊರಡಿ. ವಾಟ್ ಫೋ ಪಕ್ಕದಲ್ಲೇ ಇದೆ, ಅದನ್ನೂ ಮುಗಿಸಿಬಿಡೋಣ ಅನ್ನಿಸುತ್ತದೆ. ಬೇಡ. ಅದು ಸಂಜೆಯವರೆಗೂ ತೆರೆದಿರುತ್ತದೆ, ಬಿಸಿಲು ಇಳಿದ ಮೇಲೆ ಬನ್ನಿ. 46 ಮೀಟರ್ ಉದ್ದದ ಮಲಗಿದ ಬುದ್ಧ. ಹಿಂಬದಿಯಲ್ಲಿ 108 ಕಂಚಿನ ಪಾತ್ರೆಗಳು ಸಾಲಾಗಿವೆ, ಜನ ಒಂದೊಂದಕ್ಕೆ ಒಂದೊಂದು ನಾಣ್ಯ ಹಾಕುತ್ತಾ ಹೋಗುತ್ತಾರೆ. ಇಡೀ ಕಟ್ಟಡದಲ್ಲಿ ಟಣ್ ಟಣ್ ಸದ್ದು ನಿಲ್ಲುವುದೇ ಇಲ್ಲ.

ಮಧ್ಯಾಹ್ನ ಮಾಲ್‌ನಲ್ಲಿ ಕಳೆಯುವುದು ನಾಚಿಕೆಯ ವಿಷಯವೇನಲ್ಲ. ಅಸೋಕ್‌ನಲ್ಲಿರುವ ಟರ್ಮಿನಲ್ 21 ಅನ್ನುವ ಮಾಲ್‌ನ ಮೇಲಿನ ಮಹಡಿಯ ಫುಡ್‌ಕೋರ್ಟ್ ಬೀದಿ ಅಂಗಡಿಯಷ್ಟೇ ಅಗ್ಗ. ಒಳಗೆ ಎಸಿ ಎಷ್ಟು ಜೋರು ಅಂದರೆ ತೆಳು ಶಾಲು ಬೇಕಾಗುತ್ತದೆ. ಕೊಡೆಯನ್ನೂ ಒಯ್ಯಿರಿ, ಮಳೆಗಲ್ಲ, ಬಿಸಿಲಿಗೆ.

ಊಟದ ವಿಷಯ. ಬೀದಿಬದಿಯಲ್ಲಿ ‘ವೆಜಿಟೇರಿಯನ್’ ಅಂದರೆ ಮಾಂಸದ ತುಂಡು ಮಾತ್ರ ತೆಗೆದು ಕೊಡುತ್ತಾರೆ. ಮೀನಿನ ಸಾಸ್ ಇದ್ದೇ ಇರುತ್ತದೆ, ಅವರಿಗೆ ಅದು ಉಪ್ಪಿದ್ದ ಹಾಗೆ. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರವಿರುವ ‘ಜೇ’ ಅಂಗಡಿ ಹುಡುಕಿ. ಅಲ್ಲಿ ಮೀನು, ಮೊಟ್ಟೆ ಇಲ್ಲ, ಈರುಳ್ಳಿ ಬೆಳ್ಳುಳ್ಳಿ ಸಹ ಇಲ್ಲ. ಮೂರನೇ ದಿನಕ್ಕೆ ಚಪಾತಿ ಬೇಕೇ ಬೇಕು ಅನ್ನಿಸಿದರೆ ಫಾಹುರತ್ ಕಡೆ ಹೋಗಿ. ಅಲ್ಲಿನ ದೊಡ್ಡ ಗುರುದ್ವಾರದ ಸುತ್ತಮುತ್ತ ನಮ್ಮವರ ಅಂಗಡಿ, ಹೋಟೆಲ್ ಇವೆ. ಏಪ್ರಿಲ್‌ನಲ್ಲಿ ಮಾವಿನಹಣ್ಣಿನ ಜೊತೆ ಅಂಟು ಅನ್ನ, ಮೇಲೆ ಸ್ವಲ್ಪ ಉಪ್ಪು ಬೆರೆಸಿದ ತೆಂಗಿನಹಾಲು ಸಿಗುತ್ತದೆ. ಮಧ್ಯಾಹ್ನ ಅದನ್ನೇ ತಿಂದು ಬದುಕಬಹುದು. ಕಾಫಿ ಮಾತ್ರ ನಿರೀಕ್ಷಿಸಬೇಡಿ. ಬೀದಿಯ ‘ಓಲಿಯಾಂಗ್’ ಬಟ್ಟೆಯಲ್ಲಿ ಸೋಸಿದ ಕರಿ ಕಾಫಿ, ಅದಕ್ಕೆ ಹುರಿದ ಜೋಳ, ಸೋಯಾ ಎಲ್ಲ ಸೇರಿಸಿರುತ್ತಾರೆ, ಐಸ್ ಮೇಲೆ ಸುರಿದು ಕೊಡುತ್ತಾರೆ. ಕಾಫಿ ಅಂತ ಕುಡಿದರೆ ಸಿಟ್ಟು ಬರುತ್ತದೆ. ತಂಪು ಪಾನೀಯ ಅಂತ ಕುಡಿದರೆ ಚೆನ್ನಾಗಿದೆ.

ನಲ್ಲಿ ನೀರು ಕುಡಿಯಬೇಡಿ. ಗಲ್ಲಿಗಳಲ್ಲಿ ನೀರಿನ ಯಂತ್ರಗಳಿವೆ, ನಾಣ್ಯ ಹಾಕಿ ಬಾಟಲಿ ಹಿಡಿದರೆ ಸುಮಾರು ಒಂದು ಬಾತ್‌ಗೆ ಒಂದು ಲೀಟರ್. ಇಲ್ಲಿಂದಲೇ ಓಆರ್‌ಎಸ್ ಪೊಟ್ಟಣ ಒಯ್ಯಿರಿ, ಬಾಯಾರುವ ಮುಂಚೆಯೇ ಕುಡಿಯಿರಿ. ಮೂತ್ರ ಕಡು ಹಳದಿಯಾಗಿದ್ದರೆ ಆ ದಿನದ ಓಡಾಟ ಅಲ್ಲಿಗೆ ನಿಲ್ಲಿಸಿ.

ಒಬ್ಬಳೇ ಹೆಣ್ಣು ಅನ್ನುವ ಭಯಕ್ಕೆ ನನ್ನ ಉತ್ತರ: ರಾತ್ರಿ ಹತ್ತಕ್ಕೆ ಜನ ಓಡಾಡುವ ರಸ್ತೆಯಲ್ಲಿ ನಡೆಯಲು ನನಗೆ ನಮ್ಮ ಎಷ್ಟೋ ಊರುಗಳಿಗಿಂತ ಅಲ್ಲೇ ಆರಾಮ ಅನ್ನಿಸಿತು. ಸೆವೆನ್ ಇಲೆವೆನ್ ಅಂಗಡಿಗಳು ಇಡೀ ರಾತ್ರಿ ತೆರೆದಿರುತ್ತವೆ, ಏನಾದರೂ ಸರಿ ಕಾಣದಿದ್ದರೆ ಒಳಗೆ ಹೋಗಿ ನಿಲ್ಲಿ. ಪ್ರವಾಸಿ ಪೊಲೀಸ್ ನಂಬರ್ 1155. ಬೌದ್ಧ ಭಿಕ್ಕುಗಳನ್ನು ಹೆಂಗಸರು ಮುಟ್ಟುವಂತಿಲ್ಲ, ದೋಣಿಯಲ್ಲಿ ಅವರಿಗೆಂದೇ ಬಿಟ್ಟ ಜಾಗದಲ್ಲಿ ಕೂರಬೇಡಿ. ಅಮ್ಮನಿಗೆ ಇಂಥ ಹೊತ್ತಿಗೇ ಫೋನ್ ಮಾಡುತ್ತೇನೆ ಅಂತ ಮಾತ್ರ ಹೇಳಬೇಡಿ. ಹತ್ತು ನಿಮಿಷ ತಡವಾದರೂ ನೆಂಟರಿಷ್ಟರಿಗೆಲ್ಲ ಸುದ್ದಿ ಹೋಗಿರುತ್ತದೆ.

ಮೂರನೇ ದಿನ ಬೆಳಗ್ಗೆ ಸೇನ್ ಸೇಪ್ ಕಾಲುವೆಯ ದೋಣಿ ಹತ್ತಿ. ಇದು ಪ್ರವಾಸಿಗಳಿಗೆ ಮಾಡಿದ್ದಲ್ಲ, ಆಫೀಸಿಗೆ ಹೋಗುವವರ ದೋಣಿ. ಹಳೇ ಊರಿನ ಕಡೆಯ ಕಟ್ಟೆಯಿಂದ ಹೊರಡುತ್ತದೆ. ಕಟ್ಟೆಗೆ ತಾಗಿ ಪೂರ್ತಿ ನಿಲ್ಲುವುದೇ ಇಲ್ಲ ಅನ್ನಬಹುದು, ಹಗ್ಗ ಹಿಡಿದು ಚಕ್ಕನೆ ಇಳಿಯಬೇಕು. ಕಂಡಕ್ಟರ್ ತಲೆಗೆ ಹೆಲ್ಮೆಟ್ ಹಾಕಿಕೊಂಡು ದೋಣಿಯ ಅಂಚಿನ ಮೇಲೆ, ಹೊರಗಡೆಯಿಂದ ನಡೆಯುತ್ತಾ ಟಿಕೆಟ್ ಕೊಡುತ್ತಾರೆ. ಸೇತುವೆಗಳು ತಗ್ಗಿನಲ್ಲಿವೆ, ಅದಕ್ಕೆ ಆ ಹೆಲ್ಮೆಟ್. ಎದುರಿಗೆ ಇನ್ನೊಂದು ದೋಣಿ ಬಂತೆಂದರೆ ಪಕ್ಕದಲ್ಲಿ ಕೂತವರು ಹಗ್ಗ ಜಗ್ಗಿ ಟಾರ್ಪಾಲು ಮೇಲೆತ್ತುತ್ತಾರೆ. ಕಾಲುವೆ ನೀರು ಕೊಳಕು, ಮುಖಕ್ಕೆ ಸಿಡಿಸಿಕೊಳ್ಳುವಂಥದ್ದಲ್ಲ. ಅಂಚಿನಲ್ಲಿ ಕೂತರೆ ಹಗ್ಗ ಜಗ್ಗುವ ಕೆಲಸ ನಿಮ್ಮದೇ.

ನಿಮ್ಮ ತಾರೀಕು ಏಪ್ರಿಲ್ 13ರಿಂದ 15ರೊಳಗೆ ಬಂದರೆ ಮೇಲಿನ ಲೆಕ್ಕ ಪೂರ್ತಿ ಬದಲಾಗುತ್ತದೆ. ಅದು ಸೋಂಗ್‌ಕ್ರಾನ್, ಅವರ ಹೊಸ ವರ್ಷ. ಬೀದಿಯಲ್ಲಿ ನಿಂತು ಒಬ್ಬರ ಮೇಲೊಬ್ಬರು ನೀರು ಎರಚುತ್ತಾರೆ. ಫೋನ್, ಪಾಸ್‌ಪೋರ್ಟ್ ಎರಡಕ್ಕೂ ಪ್ಲಾಸ್ಟಿಕ್ ಚೀಲ ಬೇಕು, ರೂಮ್ ದರವೂ ಏರಿರುತ್ತದೆ. ಟಿಕೆಟ್ ಇನ್ನೂ ಮಾಡಿಲ್ಲದಿದ್ದರೆ ತಾರೀಕು ಇಲ್ಲೇ ಕೆಳಗೆ ಹಾಕಿ, ನೋಡಿ ಹೇಳುತ್ತೇನೆ.