ಉತ್ತರ: ಮಂಡಿಗಿಂತ ಗಂಟಲಿನ ನರ ನೋಡಿ
ಡೊಂಬಿವಲಿಯವರೇ, ಅಪ್ಪನ ಮಂಡಿ ಸವೆದಿದೆ, ಎಲ್ಲರೂ ಸಾಯುತ್ತಾರೆ, ಹಾಗಿದ್ದರೆ ಈ ದೇಹವನ್ನು ಜಾಣನೊಬ್ಬ ಯೋಚಿಸಿ ಮಾಡಿದ ಅಂತ ನಂಬುವುದು ಹೇಗೆ ಎಂದು ಕೇಳಿದ್ದೀರಿ.

ಸಾವನ್ನು ಪಕ್ಕಕ್ಕಿಡಿ. ಮಾಡಿದವನೇ ಆಯುಸ್ಸು ಅಳೆದು ಕೊಟ್ಟ ಅಂದರೆ ವಾದ ಅಲ್ಲಿಗೇ ನಿಲ್ಲುತ್ತದೆ. ಮಂಡಿಯೂ ಅಷ್ಟೇ, ಬಳಸಿದ್ದು ಸವೆಯುತ್ತದೆ.

ದೇಹವನ್ನು ಯೋಚಿಸಿ ಮಾಡಿದ್ದಲ್ಲ ಅನ್ನುವುದಕ್ಕೆ ನನಗೆ ಗಟ್ಟಿ ಸಾಕ್ಷಿ ಅನಿಸುವುದು ಧ್ವನಿಪೆಟ್ಟಿಗೆಯ ಎಡಗಡೆಯ ನರ. ಅದು ಮಿದುಳಿನಿಂದ ಎದೆಗೆ ಇಳಿದು, ಹೃದಯದ ದೊಡ್ಡ ರಕ್ತನಾಳವನ್ನು ಸುತ್ತಿ, ಮತ್ತೆ ಗಂಟಲಿಗೆ ಹತ್ತುತ್ತದೆ. ಮುಂಬೈಯ ದಾದರ್‌ನಿಂದ ಪಕ್ಕದ ನಿಲ್ದಾಣ ಮಾಟುಂಗಕ್ಕೆ ದೂರದ ಕಲ್ಯಾಣದ ಮೇಲೆ ಹೋದ ಹಾಗೆ! ಜಿರಾಫೆಯಲ್ಲಂತೂ ಈ ಸುತ್ತು ಹಲವು ಮೀಟರ್. ಮೀನಿನಂಥ ಪೂರ್ವಜರಲ್ಲಿ ಅದು ನೇರ ದಾರಿಯಾಗಿತ್ತು. ಕುತ್ತಿಗೆ ಬೆಳೆದು ಹೃದಯ ಕೆಳಗಿಳಿದಾಗ ನರ ಅಲ್ಲೇ ಸಿಕ್ಕಿಕೊಂಡು ಉದ್ದವಾಯಿತು.

ಪ್ರತಿ ಪ್ರಾಣಿಯನ್ನೂ ಹೊಸದಾಗಿ ಮಾಡಿದ ಅನ್ನುವವರಿಗೆ ಇದು ದೊಡ್ಡ ಪೆಟ್ಟು. ವಿಕಾಸದ ಮೂಲಕವೇ ದೇವರು ಕೆಲಸ ಮಾಡಿಸಿದ ಅನ್ನುವವರಿಗೆ ಅಷ್ಟೇನೂ ತೊಂದರೆಯಿಲ್ಲ, ಅಲ್ವಾ? ನೀವು ಯಾವ ಕಡೆ?