ಬೀಡಿ ಬಿಟ್ಟ ಮೇಲೆ ಕಫ ಜಾಸ್ತಿ, ಏಕೆ?

ಪ್ರಶ್ನೆ: ಅಪ್ಪನಿಗೆ 61 ವರ್ಷ. 30 ವರ್ಷ ಬೀಡಿ ಎಳೆದು, ಬಿಟ್ಟು ಒಂದು ತಿಂಗಳಾಯಿತು. ಈಗ ಕೆಮ್ಮು, ಕಫ ಮೊದಲಿಗಿಂತ ಹೆಚ್ಚು. ‘ಎಳೆಯುವಾಗಲೇ ಆರಾಮಿದ್ದೆ’ ಎನ್ನುತ್ತಾರೆ. ಹಾಳಾದ ಶ್ವಾಸಕೋಶ ರಿಪೇರಿ ಆಗುತ್ತದೆಯೇ ಡಾಕ್ಟ್ರೇ?
– ಓದುಗರು, ಮಲ್ಪೆ

ಉತ್ತರ: ಈ ಕೆಮ್ಮು ರಿಪೇರಿ ಶುರುವಾದ ಗುರುತೇ ಇರಬಹುದು. ಶ್ವಾಸನಾಳದ ಒಳಮೈಗೆ ಎಪಿಥೀಲಿಯಲ್ ಕೋಶಗಳ ಹೊದಿಕೆ ಇದೆ. ಅವುಗಳಲ್ಲಿ ಹಲವಕ್ಕೆ ತಲಾ 200ರಷ್ಟು ಸೂಕ್ಷ್ಮ ರೋಮಗಳು. ಸೆಕೆಂಡಿಗೆ 10–15 ಸಲ ಬಡಿದು, ಧೂಳು ಅಂಟಿದ ಲೋಳೆಯನ್ನು ಗಂಟಲಿನತ್ತ ತಳ್ಳುತ್ತವೆ. ಹೊಗೆ ಬಿದ್ದರೆ ರೋಮಗಳು ಮೋಟಾಗುತ್ತವೆ, ಲೋಳೆ ಸುರಿಸುವ ಗಾಬ್ಲೆಟ್ ಕೋಶಗಳು ಹೆಚ್ಚುತ್ತವೆ. ಕಸ ಜಾಸ್ತಿ, ಗುಡಿಸುವವರಿಲ್ಲ! ಬೀಡಿ ನಿಂತ ಮೇಲೆ ತಳದ ಬೇಸಲ್ ಕೋಶಗಳಿಂದ ಹೊಸ ರೋಮಕೋಶಗಳು ಹುಟ್ಟುತ್ತವೆ. ಕೂತಿದ್ದ ಕಫ ಮೇಲೆ ಬರುವುದು ಆಗಲೇ. ಸಾಮಾನ್ಯವಾಗಿ ಕೆಲವು ವಾರ, ಕೆಲವರಿಗೆ ತಿಂಗಳುಗಟ್ಟಲೆ.

ಆದರೆ ನಾವೇ ಹಾಗೆಂದು ತೀರ್ಮಾನಿಸಬಾರದು. 2 ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ, ಎದೆಯ ಎಕ್ಸ್‌ರೇ ಆಗಲೇಬೇಕು; ಕ್ಷಯದ ಕಫ ಪರೀಕ್ಷೆ ಸರಕಾರಿ ಆಸ್ಪತ್ರೆಯಲ್ಲಿ ಉಚಿತ. ಕಫದಲ್ಲಿ ರಕ್ತ ಕಂಡರೆ, ತೂಕ ಇಳಿದರೆ ನಾಳೆಗೆ ಬಿಡಬೇಡಿ. ಕೆಮ್ಮು ಅಡಗಿಸುವ ಸಿರಪ್ಪನ್ನು ಮೆಡಿಕಲ್‌ನಿಂದ ತಂದು ಕುಡಿಸಬೇಡಿ, ಕಫ ಒಳಗೇ ಉಳಿಯುತ್ತದೆ. ನೆಟ್ಟಗೆ ಕೂತು ಉಸಿರೆಳೆದು, 2–3 ಸೆಕೆಂಡು ಹಿಡಿದು, ಕನ್ನಡಿಗೆ ಆವಿ ಊದುವಂತೆ ಬಾಯಿ ತೆರೆದು ‘ಹಾ’ ಎಂದು ಬಿಡಲಿ. 2–3 ಸಲ ಹೀಗೆ ಮಾಡಿ, ಆಮೇಲೆ ಕೆಮ್ಮಿದರೆ ಕಫ ಸುಲಭವಾಗಿ ಬರುತ್ತದೆ. ತಲೆ ತಿರುಗಿದರೆ ನಿಲ್ಲಿಸಲಿ.

ಇನ್ನು ಶ್ವಾಸನಾಳಗಳ ತುದಿಯಲ್ಲಿರುವ ಪುಟ್ಟ ಗಾಳಿಚೀಲಗಳ ಸಂಗತಿ ಬೇರೆ. ಅವುಗಳ ಒಳಮೈಯ ಸುಮಾರು 95% ಭಾಗವನ್ನು ತೆಳ್ಳನೆಯ ಒಂದನೇ ಬಗೆಯ ಕೋಶಗಳು ಮುಚ್ಚಿರುತ್ತವೆ, ಪೆಟ್ಟು ಬಿದ್ದರೆ ಅವು ಬೇಗ ಸಾಯುತ್ತವೆ. ಎರಡನೇ ಬಗೆಯವು ಚೀಲ ಮುದುಡದಂತೆ ಸರ್ಫ್ಯಾಕ್ಟೆಂಟ್ ಎಂಬ ಜಾರುಪದಾರ್ಥ ಸುರಿಸುತ್ತವೆ, ಬೇಕಾದಾಗ ಒಂದನೇ ಬಗೆಯಾಗಿ ಮಾರ್ಪಟ್ಟು ಗಾಯ ಮುಚ್ಚುತ್ತವೆ. ಅವು ಮತ್ತೆ ಮತ್ತೆ ಪೆಟ್ಟು ತಿಂದು ಅರ್ಧ ದಾರಿಯಲ್ಲೇ ನಿಂತರೆ ಪಕ್ಕದ ಫೈಬ್ರೋಬ್ಲಾಸ್ಟ್ ಕೋಶಗಳು ಕೊಲಾಜೆನ್ ಎಂಬ ನಾರು ತುಂಬುತ್ತವೆ; ಫೈಬ್ರೋಸಿಸ್, ಅಂದರೆ ಶ್ವಾಸಕೋಶ ಕಲೆಗಟ್ಟಿ ಗಡುಸಾಗುವ ಮುಖ್ಯ ದಾರಿ ಇದೇ ಎನ್ನಲಾಗುತ್ತದೆ. ಪಿರ್ಫೆನಿಡೋನ್, ನಿಂಟೆಡಾನಿಬ್ ಮಾತ್ರೆಗಳು ಅದರ ವೇಗ ತಗ್ಗಿಸುತ್ತವೆ, ಆದ ಕಲೆ ಅಳಿಸುವುದಿಲ್ಲ. ಬೀಡಿಯವರಲ್ಲಿ ಹೆಚ್ಚು ಕಾಣುವ ಎಂಫಿಸೀಮಾದಲ್ಲಿ ಚೀಲದ ಗೋಡೆಯೇ ಹರಿದಿರುತ್ತದೆ. ಹಂಚು ಒಡೆದರೆ ಬದಲಿಸಬಹುದು. ಪಕ್ಕಾಸು, ರೀಪೇ ಮುರಿದರೆ ಹಂಚು ಇಡುವುದೆಲ್ಲಿ? ಅಪ್ಪನವರ ಶ್ವಾಸಕೋಶದ ಮಾಡು ಎಷ್ಟು ಗಟ್ಟಿಯಿದೆ ಎಂಬ ಅಂದಾಜು ಸ್ಪೈರೋಮೆಟ್ರಿಯಿಂದ, ಅಂದರೆ ಯಂತ್ರಕ್ಕೆ ಊದಿಸಿ ಉಸಿರು ಅಳೆಯುವ ಪರೀಕ್ಷೆಯಿಂದ ಸಿಗುತ್ತದೆ. ಎಕ್ಸ್‌ರೇ ಜೊತೆಗೆ ಅದನ್ನೂ ಮಾಡಿಸಿ.